ಅಕ್ಕನ ಫ್ಲೆಕ್ಸ್, ಮಾಣಿಯ ಕೈ: ಒಸಿಡಿ (ಗೀಳು ಕಾಯಿಲೆ) ಇರುವ ಹುಡುಗನ ಮನೆಯ ಒಂದು ಪ್ರಕರಣ

ಹುಡುಗನ ಅಮ್ಮ ಮೊದಲ ಸಲ ನನ್ನ ಹತ್ತಿರ ಬಂದಾಗ ಮಗನ ಸುದ್ದಿ ಎತ್ತಲೇ ಇಲ್ಲ. ಶುರು ಮಾಡಿದ್ದು ನೀರಿನಿಂದ. “ಟೀಚರ್, ಮಳೆಗಾಲದಲ್ಲೂ ನಮ್ಮ ಟ್ಯಾಂಕಿ ದಿನಕ್ಕೆ ಎರಡು ಸಲ ಖಾಲಿ ಆಗ್ತದೆ. ಪಂಪು ಹಾಕಿ ಹಾಕಿ ಇವರಿಗೆ ಸಿಟ್ಟು.” ಟ್ಯಾಂಕಿ ಯಾಕೆ ಖಾಲಿಯಾಗುತ್ತದೆ ಎನ್ನುವಲ್ಲಿಗೆ ಬರಲು ಅರ್ಧ ಗಂಟೆ ಹಿಡಿಯಿತು.

ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯದ್ದು. ಅಡಿಕೆ ತೋಟ, ಎರಡು ದನ, ಹೆಂಚಿನ ಹಳೆ ಮನೆಗೆ ತಾಗಿಸಿ ಕಟ್ಟಿದ ಟೆರೇಸಿನ ಎರಡು ಕೋಣೆ. ಅಜ್ಜಿ, ಅಪ್ಪ, ಅಮ್ಮ, 16ರ ಅಕ್ಕ, 12ರ ತಮ್ಮ. ಹವ್ಯಕರ ಮನೆಗಳಲ್ಲಿ ಹುಡುಗನನ್ನು ‘ಮಾಣಿ’ ಅಂತ ಕರೆಯುತ್ತಾರೆ. ಇಲ್ಲಿಯೂ ಅವನಿಗೆ ಅದೇ ಹೆಸರಿರಲಿ. ಗುರುತು ಸಿಗಬಾರದು ಅಂತ ಎರಡು ಮೂರು ಮನೆಗಳ ವಿವರ ಬೆರೆಸಿ ಬರೆದಿದ್ದೇನೆ. ನಾನು ಮಕ್ಕಳ ಜೊತೆ ಕೆಲಸ ಮಾಡುವ ಸಮಾಲೋಚಕಿ. ಮದ್ದು ಬರೆಯುವವಳಲ್ಲ.

ಮಾಣಿ ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ. ಮೇ ತಿಂಗಳಲ್ಲಿ ಅಕ್ಕನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಫುಲ್ ಎ ಪ್ಲಸ್. ಕೇರಳದಲ್ಲಿ ಇದೊಂದು ಹಬ್ಬ. ಹತ್ತು ವಿಷಯಕ್ಕೂ ಎ ಪ್ಲಸ್ ಬಂದರೆ ಊರಿನ ಜಂಕ್ಷನ್ನಿನಲ್ಲಿ ಫೋಟೋ ಹಾಕಿದ ಫ್ಲೆಕ್ಸ್ ಏಳುತ್ತದೆ. ಕ್ಲಬ್ಬಿನವರು ಒಂದು ಹಾಕಿದರೆ ವಾರ್ಡಿನವರು ಇನ್ನೊಂದು. ಬಸ್ ಸ್ಟ್ಯಾಂಡಿನ ಎದುರು ಅಕ್ಕನ ಫೋಟೋ, ಆರಡಿ ಎತ್ತರ. ಜೂನ್ ಒಂದರಿಂದ ಮಾಣಿ ದಿನಾ ಅದರ ಕೆಳಗೇ ನಿಂತು ಬಸ್ಸು ಕಾಯಬೇಕು.

ಜುಲೈಯಲ್ಲಿ ಕೈ ತೊಳೆಯುವುದು ಶುರುವಾಯಿತು. ಓಣಂ ಪರೀಕ್ಷೆಯ ಹೊತ್ತಿಗೆ ಸ್ನಾನ ಒಂದೂವರೆ ಗಂಟೆಗೆ ಹೋಗಿತ್ತು. ಬರೆದದ್ದನ್ನು ಉಜ್ಜಿ ಉಜ್ಜಿ ಪುಸ್ತಕದ ಹಾಳೆ ತೂತು. ಗೇಟು ದಾಟಿದವನು ವಾಪಸು ಬಂದು ಮತ್ತೆ ದಾಟುವುದು. ರಾತ್ರಿ ಅಮ್ಮನ ಹತ್ತಿರ ಒಂದೇ ಪ್ರಶ್ನೆ: “ಎಂತದೂ ಆವ್ತಿಲ್ಲೆ, ಅಲ್ಲದಾ?” ಏನೂ ಆಗುವುದಿಲ್ಲ ಅಲ್ವಾ, ಅಂತ. ಅಮ್ಮ “ಇಲ್ಲೆ ಮಗ” ಅನ್ನಬೇಕು. ದನಿ ಸರಿಯಾಗಿ ಬರದಿದ್ದರೆ ಮತ್ತೊಮ್ಮೆ ಅನ್ನಬೇಕು. ಒಂದು ರಾತ್ರಿ ಅಮ್ಮ ಲೆಕ್ಕ ಹಾಕಿದ್ದರು. ಮೂವತ್ತರ ನಂತರ ಲೆಕ್ಕ ತಪ್ಪಿತಂತೆ.

ಮನೆಯಲ್ಲಿ ತಲೆಗೊಂದು ವಿವರಣೆ ಇತ್ತು. ಅಪ್ಪನ ಪ್ರಕಾರ ಇದು ಅಜ್ಜಿಯ ಮಡಿಯಿಂದ ಹಿಡಿದ ಚಾಳಿ. ದೊಡ್ಡಪ್ಪನ ಪ್ರಕಾರ ಮೊಬೈಲು. ಶಾಲೆಯಲ್ಲಿ ಒಬ್ಬರಿಗೆ ಅನಿಸಿದ್ದು ಯುಎಸ್‌ಎಸ್ ಪರೀಕ್ಷೆಯ ಓದು ತಪ್ಪಿಸುವ ಉಪಾಯ. ಏಳನೇ ತರಗತಿಯ ಈ ಸ್ಕಾಲರ್‌ಶಿಪ್ ಅಕ್ಕನಿಗೆ ಸಿಕ್ಕಿತ್ತು ಅಂತ ಬೇರೆ ಹೇಳಬೇಕಾ?

ಅಜ್ಜಿ ಮಾತ್ರ ಒಂದು ಮಾತು ಹೇಳಿದ್ದರು. ನನಗೆ ಈಗಲೂ ಅದು ಪುಸ್ತಕದ ವ್ಯಾಖ್ಯೆಗಿಂತ ಚೆನ್ನಾಗಿ ಕಾಣುತ್ತದೆ. “ನನ್ನ ಮಡಿಗೆ ಲೆಕ್ಕ ಉಂಟು. ಮಿಂದೆ, ಮಡಿ ಉಟ್ಟೆ, ಮುಗಿಯಿತು. ಮನಸ್ಸಿಗೆ ಸಮಾಧಾನ. ಇವನದ್ದು ಮುಗಿಯುವುದೇ ಇಲ್ಲ. ಮಿಂದ ಮೇಲೆ ಹೆದರಿಕೆ ಜಾಸ್ತಿ.” ಮಡಿ ಮಾಡುವ ಮನೆಯಲ್ಲಿ ಗೀಳು ಎಲ್ಲಿಂದ ಶುರು ಅಂತ ಹೇಳುವುದು ವೈದ್ಯರಿಗೂ ಸುಲಭವಲ್ಲ. ಅಜ್ಜಿ ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರು. ಯಾರೂ ಕೇಳಿಸಿಕೊಂಡಿರಲಿಲ್ಲ.

ಮಂಗಳೂರಿನಲ್ಲಿ

ನಮ್ಮ ಕಡೆಯವರು ಇಂಥದ್ದಕ್ಕೆ ಮಂಗಳೂರಿಗೇ ಹೋಗುವುದು. ಬಸ್ಸಿನಲ್ಲಿ ಗಡಿಯ ತಲಪಾಡಿ ದಾಟಿದರೆ ಡಾಕ್ಟರ ಹತ್ತಿರ ಕನ್ನಡದಲ್ಲಿ ಮಾತಾಡಬಹುದು ಎನ್ನುವುದು ಒಂದು ಕಾರಣ. ಮಲಯಾಳ ಮಾಣಿಗೂ ಬರುತ್ತದೆ, ಆಟದ ಮೈದಾನದ ಮಲಯಾಳ. ಮನಸ್ಸಿನೊಳಗಿನದ್ದನ್ನು ಹೇಳುವಷ್ಟು ಬರುವುದಿಲ್ಲ. ಮುಂದೆ ಗೊತ್ತಾಯಿತು, ಶಾಲೆಯ ಕನ್ನಡವೂ ಅದಕ್ಕೆ ಸಾಕಾಗುವುದಿಲ್ಲ ಅಂತ.

ಮನೋವೈದ್ಯರು ಒಸಿಡಿ ಅಂದರು. ಕನ್ನಡದಲ್ಲಿ ಗೀಳು ಕಾಯಿಲೆ. ಬೇಡದ ಯೋಚನೆ ಬಿಡದೆ ಬರುತ್ತದೆ, ಅದರಿಂದ ತಡೆಯಲಾಗದ ಹೆದರಿಕೆ. ಹೆದರಿಕೆ ಇಳಿಸಲು ಒಂದು ಕ್ರಿಯೆ: ತೊಳೆಯುವುದು, ಎಣಿಸುವುದು, ಕೇಳುವುದು. ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಆ ಹಾಯೇ ಮೋಸ. ‘ತೊಳೆದದ್ದಕ್ಕೇ ಬಚಾವಾದೆ’ ಅಂತ ಮೆದುಳು ಕಲಿತುಬಿಡುತ್ತದೆ. ಮಕ್ಕಳಲ್ಲಿ ತೀವ್ರತೆ ಅಳೆಯಲು ಸಿವೈ-ಬಾಕ್ಸ್ ಅಂತ ಒಂದು ಮಾಪನ ಇದೆ. 0ಯಿಂದ 40. ಮಾಣಿಗೆ 26 ಬಂತು. ತೀವ್ರ ಎನ್ನುವ ಮಟ್ಟ.

ಚಿಕಿತ್ಸೆ ಎರಡು ಬಗೆಯದ್ದು. ಒಂದು ಸರ್ಟ್ರಾಲಿನ್ ಮಾತ್ರೆ, ಚಿಕ್ಕ ಡೋಸಿನಿಂದ ಶುರು. ಇನ್ನೊಂದು ಇಆರ್‌ಪಿ ಎನ್ನುವ ವರ್ತನಾ ಚಿಕಿತ್ಸೆ. ಹೆದರಿಕೆ ಹುಟ್ಟಿಸುವುದನ್ನು ಬೇಕೆಂದೇ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು, ಆಮೇಲೆ ತೊಳೆಯದೆ, ಕೇಳದೆ ಇರುವುದನ್ನು ಅಭ್ಯಾಸ ಮಾಡುವುದು. ಅಪ್ಪನಿಗೆ ಮಾತ್ರೆ ಬೇಡವಾಗಿತ್ತು. ಅವರು ಲೆಕ್ಕದ ಮನುಷ್ಯ ಅಂತ ಡಾಕ್ಟರಿಗೆ ಬೇಗ ಗೊತ್ತಾಯಿತು ಅಂತ ಕಾಣುತ್ತದೆ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಅಂಕಿ ತೋರಿಸಿದರು. 7ರಿಂದ 17 ವರ್ಷದ 112 ಮಕ್ಕಳು, 12 ವಾರ. ಮಾತ್ರೆ ಮತ್ತು ಥೆರಪಿ ಎರಡೂ ಸಿಕ್ಕವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳ ಗೀಳು ಬಹುತೇಕ ಇಳಿದಿತ್ತು. ಥೆರಪಿ ಮಾತ್ರ ಸಿಕ್ಕವರಲ್ಲಿ ಸುಮಾರು ನೂರಕ್ಕೆ 39, ಬರೀ ಸರ್ಟ್ರಾಲಿನ್ ತೆಗೆದುಕೊಂಡವರಲ್ಲಿ 21. ಅಪ್ಪ ಒಪ್ಪಿದರು. ಮನೆಗೆ ಬಂದು ಅಜ್ಜಿಗೆ ಹೇಳಿದ್ದು ಮಾತ್ರ “ಮಾಣಿಗೆ ನಲ್ವತ್ತರಲ್ಲಿ ಇಪ್ಪತ್ತಾರು.” ಅಜ್ಜಿ, “ಪಾಸಲ್ಲದಾ ಹಾಂಗಾರೆ?”

ನಗು ಬಂತು. ಆದರೆ ಆ ಮನೆಯ ಕಷ್ಟ ಅದೇ ಮಾತಿನಲ್ಲಿ ಇತ್ತು.

ನೋಟ್‌ಬುಕ್

ಥೆರಪಿ ಮಂಗಳೂರಿನಲ್ಲಿ, ಹದಿನೈದು ದಿನಕ್ಕೊಮ್ಮೆ. ನಡುವೆ ಮನೆಯವರ ಜೊತೆ ಕೂರುವ ಕೆಲಸ ನನ್ನದು. ಮೊದಲ ಭೇಟಿಯಲ್ಲೇ ಕಿವಿಗೆ ಬಿದ್ದದ್ದು ಒಂದೇ ರೀತಿಯ ಮಾತುಗಳು. “ಇದೇ ಮನೆಯಲ್ಲಿ ಅಕ್ಕನೂ ಬೆಳೆದದ್ದಲ್ವಾ?” ಅಪ್ಪ ಇದನ್ನು ಬೈಗುಳವಾಗಿ ಹೇಳಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ಮಾಣಿ ಅಲ್ಲೇ ಬಾಗಿಲ ಹಿಂದೆ ಇದ್ದ.

ಹೋಲಿಸಬೇಡಿ ಅಂತ ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ, ಸಂಜೆಗೆ ಮತ್ತೆ ಶುರು. ಅಮ್ಮನಿಗೆ ಒಂದು ನೋಟ್‌ಬುಕ್ ಕೊಟ್ಟೆ. ಒಂದು ವಾರ ಯಾರು, ಯಾವಾಗ, ಯಾರ ಜೊತೆ ಮಾಣಿಯನ್ನು ಹೋಲಿಸಿದರು, ಬರೆಯಿರಿ. ತಡೆಯಬೇಡಿ, ಸುಮ್ನೆ ಬರೆಯಿರಿ.

ವಾರದ ನಂತರ ಬಂದ ಪುಟಗಳನ್ನು ಅಮ್ಮ ನನ್ನ ಮುಂದೆ ಇಟ್ಟು ಕಿಟಕಿ ಕಡೆ ತಿರುಗಿ ಕೂತರು. ಜಾಸ್ತಿ ಇದ್ದದ್ದು ಅವರದೇ ಹೆಸರು.

ಅಕ್ಕನ ಜೊತೆಗಿನ ಹೋಲಿಕೆ ನಿರೀಕ್ಷಿಸಿದ್ದೇ. ದೊಡ್ಡಪ್ಪನ ಮಗನ ಜೊತೆಯದ್ದೂ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅವನ ಪದಕದ ಫೋಟೋ ಬಂದಾಗಲೆಲ್ಲ ಅಪ್ಪ ಗಟ್ಟಿಯಾಗಿ ಓದುತ್ತಿದ್ದರು. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಕೆಲವು ಸಾಲುಗಳು.

“ಪಡ್ರೆಯ ಮಕ್ಕಳನ್ನು ನೋಡು. ನಿನಗೆ ದೇವರು ಕೈಕಾಲು ಸರಿ ಕೊಟ್ಟಿದ್ದಾನಲ್ಲ?” ಇದು ಅತ್ತೆಯ ಮಾತು. ಪಡ್ರೆ ಪೆರ್ಲದ ಹತ್ತಿರದ ಊರು. ಗೇರು ತೋಟಗಳಿಗೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎನ್ನುವ ಕೀಟನಾಶಕ ಸುರಿದದ್ದು, 2000ದಲ್ಲಿ ಅದು ನಿಂತದ್ದು, ಹುಟ್ಟುವಾಗಲೇ ಕಾಯಿಲೆ ಹೊತ್ತು ಬಂದ ಮಕ್ಕಳು, ಇದೆಲ್ಲ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆಗೆ ಧೈರ್ಯ ಹೇಳುವ ಮನಸ್ಸು. ಮಾಣಿಗೆ ಕೇಳಿಸಿದ್ದು: ನಿನ್ನ ಕಷ್ಟ ಕಷ್ಟವೇ ಅಲ್ಲ, ಆದರೂ ನೀನು ಮನೆಯವರಿಗೆ ತೊಂದರೆ ಕೊಡುತ್ತಿದ್ದೀಯ. ಆ ಸಂಜೆ ಸ್ನಾನ ಎರಡು ಗಂಟೆ ದಾಟಿತ್ತು ಅಂತ ಅದೇ ಪುಟದ ಕೆಳಗೆ ಅಮ್ಮ ಬರೆದಿದ್ದರು. ಎರಡನ್ನೂ ಒಂದೇ ಪುಟದಲ್ಲಿ ಬರೆದರೂ ಅವರಿಗೆ ಸಂಬಂಧ ಕಂಡಿರಲಿಲ್ಲ. ಬರೆಯುವಾಗ ನಮಗೂ ಕಾಣುವುದಿಲ್ಲ, ಅಲ್ವಾ?

“ನಿನ್ನೆ ಹತ್ತು ನಿಮಿಷದಲ್ಲಿ ಹೊರಗೆ ಬಂದೆಯಲ್ಲ, ಇವತ್ತು ಎಂತ?” ಇದು ಅಮ್ಮನದ್ದು. ಮಗನನ್ನು ಮಗನ ಜೊತೆಗೇ ಹೋಲಿಸಿದ್ದು. ಹೆಚ್ಚಿನ ತಾಯಿ ತಂದೆ ಇದನ್ನು ಪ್ರೋತ್ಸಾಹ ಅಂದುಕೊಳ್ಳುತ್ತಾರೆ. ಒಸಿಡಿ ದಿನಕ್ಕೊಂದು ಥರ ಏರಿಳಿಯುವ ಕಾಯಿಲೆ. ನಿದ್ದೆ ಕೆಟ್ಟರೆ, ಪರೀಕ್ಷೆ ಹತ್ತಿರ ಬಂದರೆ ಏರುತ್ತದೆ. ನಿನ್ನೆಯದ್ದು ಇವತ್ತಿನ ಸಾಲವಾದರೆ ಒಳ್ಳೆಯ ದಿನವೂ ಹೆದರಿಕೆಯ ದಿನವೇ. ಮಾಣಿಯೇ ಆಮೇಲೆ ಹೇಳಿದ, ಬೇಕೆಂದೇ ಒಂದೆರಡು ದಿನ ನಿಧಾನ ಮಾಡಿದ್ದನಂತೆ. “ಬೇಗ ಬಂದರೆ ನಾಳೆಯೂ ಬೇಗ ಬಾ ಅಂತಾರೆ.”

ಇನ್ನೊಂದು ಅಜ್ಜಿಯದ್ದು, ಪಿಸುಮಾತಿನಲ್ಲಿ ಹೇಳಿದ್ದು: “ನನ್ನ ತಮ್ಮನ ಹಾಂಗೇ ಅಕ್ಕೋ ಎಂತ್ಸೋ.” ತಮ್ಮನ ಹಾಗೇ ಆಗುತ್ತಾನೋ ಏನೋ. ಆ ತಮ್ಮ ಯಾರು ಅಂತ ಮಾಣಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ಕೊಟ್ಟಿಗೆಯ ಪಕ್ಕದ ಬೀಗ ಹಾಕಿದ ಕೋಣೆ ಅವರದ್ದಾಗಿತ್ತು ಅಂತ ಮಾತ್ರ ಅವನಿಗೆ ಗೊತ್ತಿತ್ತು.

ಶಾಲೆಯ ಕನ್ನಡದಲ್ಲಿ ಬಾರದ ಮಾತು

ಎರಡು ತಿಂಗಳು ಎಲ್ಲರೂ ಇದನ್ನು ಕೊಳೆಯ ಹೆದರಿಕೆ ಅಂತಲೇ ತಿಳಿದಿದ್ದೆವು. ನಾನೂ ಕೂಡ. ಯಾಕೆ ತೊಳೆಯುತ್ತೀ ಅಂದರೆ “ಕ್ರಿಮಿ” ಅನ್ನುತ್ತಿದ್ದ. ಆದರೆ ಗೊಬ್ಬರದ ಗುಂಡಿಗೆ ಹೋಗಿ ಬಂದು ಒಂದೇ ಸಲ ತೊಳೆದು ಊಟಕ್ಕೆ ಕೂರುತ್ತಿದ್ದ. ಅಕ್ಕನ ಪೆನ್ನು ಮುಟ್ಟಿದರೆ ಮಾತ್ರ ಮೊಣಕೈವರೆಗೆ ಸೋಪು. ಕ್ರಿಮಿಯ ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಒಂದು ದಿನ ನಾನು ಹವ್ಯಕ ಕನ್ನಡದಲ್ಲೇ ಮಾತಾಡು ಅಂದೆ. ನನ್ನ ಮನೆಯದ್ದು ಆ ಮಾತಲ್ಲ, ಆದರೆ ಈ ಕಡೆ ಬೆಳೆದವರಿಗೆ ಕೇಳಿದರೆ ತಿಳಿಯುತ್ತದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಮೇಜಿನ ಅಂಚು ನೋಡುತ್ತಾ, “ಅಕ್ಕ ಇಲ್ಲದ್ದರೆ ಒಳ್ಳೆದಿತ್ತು” ಅಂದ. ತಕ್ಷಣ ಕೈ ಎರಡೂ ಚಡ್ಡಿಗೆ ಒರೆಸಿದ. ಮೂರು ಸಲ, ಮತ್ತೆ ಮೂರು ಸಲ.

ಜೂನಿನ ಒಂದು ಬೆಳಗ್ಗೆ ಫ್ಲೆಕ್ಸಿನ ಕೆಳಗೆ ನಿಂತಿದ್ದಾಗ ಯಾರೋ ಪರಿಚಯದವರು ಕೇಳಿದ್ದರಂತೆ, “ಮುಂದಿನ ಫ್ಲೆಕ್ಸ್ ನಿನ್ನದಾ?” ಆಗ ಆ ಮಾತು ತಲೆಯಲ್ಲಿ ಬಂತು. ಅದೇ ದಿನ ಅಕ್ಕ ಪ್ಲಸ್ ವನ್ (ಹನ್ನೊಂದನೇ ತರಗತಿ) ಸೇರಲು ಕಾಸರಗೋಡಿಗೆ ಹೋಗಿದ್ದಳು. ಮಳೆಗೆ ಬಸ್ಸು ತಡವಾಯಿತು. ಏಳು ಗಂಟೆಯಾದರೂ ಬರಲಿಲ್ಲ. ಮಾಣಿ ಬಾವಿಕಟ್ಟೆಯ ಹತ್ತಿರ ನಿಂತು ಕೈ ತೊಳೆಯುತ್ತಿದ್ದ, ಆಗ ಅಕ್ಕ ಗೇಟಿನಲ್ಲಿ ಕಾಣಿಸಿದಳು. ಅಲ್ಲಿಗೆ ಗಂಟು ಬಿತ್ತು. ತಾನು ಯೋಚಿಸಿದ್ದರಿಂದ ಅಕ್ಕನಿಗೆ ಏನೋ ಆಗಲಿಕ್ಕಿತ್ತು, ತಾನು ತೊಳೆದದ್ದರಿಂದ ತಪ್ಪಿತು.

‘ಎಂತದೂ ಆವ್ತಿಲ್ಲೆ, ಅಲ್ಲದಾ’ ಎನ್ನುವ ಪ್ರಶ್ನೆ ಯಾರ ಬಗ್ಗೆ ಅಂತ ಆಗ ಗೊತ್ತಾಯಿತು.

ಯೋಚಿಸಿದರೆ ಮಾಡಿದ ಹಾಗೇ ಎನ್ನುವ ಈ ನಂಬಿಕೆ ಒಸಿಡಿಯಲ್ಲಿ ಹೊಸತಲ್ಲ. ವಿಚಿತ್ರವಾದ, ಕ್ರೂರವಾದ ಯೋಚನೆ ಹೆಚ್ಚಿನವರ ತಲೆಯಲ್ಲೂ ಹಾದುಹೋಗುತ್ತದೆ. 1978ರಲ್ಲೇ ರಾಕ್‌ಮನ್ ಮತ್ತು ಡಿ ಸಿಲ್ವಾ ಎನ್ನುವ ಇಬ್ಬರು ಸಂಶೋಧಕರು ಕಾಯಿಲೆ ಇಲ್ಲದವರನ್ನು ಕೇಳಿ ಇದನ್ನು ತೋರಿಸಿದ್ದರು. ಉಳಿದವರಿಗೆ ಅದು ಬಂದ ಹಾಗೇ ಹೋಗುತ್ತದೆ. ಗೀಳು ಇರುವ ಮಗು ಅದನ್ನು ಹಿಡಿದು ವಿಚಾರಣೆ ಮಾಡುತ್ತದೆ.

ಈಗ ಹೋಲಿಕೆಯ ನೋಟ್‌ಬುಕ್ ಬೇರೆಯೇ ಕಾಣಿಸಿತು. ಬೇರೆ ಮಕ್ಕಳಿಗೆ “ಅಕ್ಕನ ನೋಡಿ ಕಲಿ” ಅಂದರೆ ಬೇಸರವಾಗುತ್ತದೆ, ಸಿಟ್ಟು ಬರುತ್ತದೆ, ಚೆಂಡು ಎತ್ತಿಕೊಂಡು ಹೊರಗೆ ಹೋಗುತ್ತಾರೆ. ಮಾಣಿಗೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಹೋಲಿಕೆಯಿಂದ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚಿನಿಂದ ಒಂದು ಕೆಟ್ಟ ಯೋಚನೆ. ಯೋಚನೆಯಿಂದ ಅಕ್ಕ ಸಾಯುತ್ತಾಳೆ ಎನ್ನುವ ಹೆದರಿಕೆ. ಹೆದರಿಕೆಯಿಂದ ಬಚ್ಚಲು. ಅಪ್ಪ ಬಚ್ಚಲಿನ ಬಾಗಿಲು ಬಡಿದು “ಅಕ್ಕ ಐದು ನಿಮಿಷದಲ್ಲಿ ಮಿಂದು ಬರ್ತಾಳೆ!” ಎನ್ನುವಾಗ ಒಳಗೆ ಮತ್ತೆ ಮೊದಲಿನಿಂದ ಶುರು. ಕಾಯಿಲೆ ಹೋಲಿಕೆಯಿಂದ ಹುಟ್ಟಿದ್ದಲ್ಲ. ಅದು ಬರಬೇಕಾದ ಮೆದುಳಿಗೇ ಬರುತ್ತದೆ. ಆದರೆ ಈ ಮನೆಯಲ್ಲಿ ಅದಕ್ಕೆ ಸೌದೆ ಹಾಕುತ್ತಿದ್ದದ್ದು ಹೋಲಿಕೆ.

ಈ ಗುಟ್ಟನ್ನು ನಾನು ಮನೆಯವರಿಗೆ ಹೇಳಲಿಲ್ಲ. ಥೆರಪಿಸ್ಟಿಗೆ ಹೇಳಬಹುದಾ ಅಂತ ಮಾಣಿಯನ್ನು ಕೇಳಿದೆ, ಒಪ್ಪಿದ. ಅಪ್ಪ ಅಮ್ಮನಿಗೆ ಇಷ್ಟೇ ಹೇಳಿದೆ: “ಅವನ ಹೆದರಿಕೆ ಕೊಳೆಯದ್ದಲ್ಲ. ಅಕ್ಕನ ಹೆಸರು ಹಿಡಿದು ನೀವು ಹೇಳುವ ಪ್ರತಿ ಮಾತೂ ಸ್ನಾನವನ್ನು ಉದ್ದ ಮಾಡುತ್ತದೆ. ಯಾಕೆ ಅಂತ ಅವನೇ ಒಂದು ದಿನ ಹೇಳಿಯಾನು.” ಅಪ್ಪನಿಗೆ ಸಮಾಧಾನವಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಹೋಲಿಕೆಯನ್ನೂ ಸ್ನಾನದ ಹೊತ್ತನ್ನೂ ಒಟ್ಟಿಗೆ ನೋಡಿದ ಮೇಲೆ ವಾದ ನಿಲ್ಲಿಸಿದರು.

ಅಳತೆಕೋಲಿನ ಕಡೆಯ ಮಾತು

ಅಕ್ಕನ ಜೊತೆ ಒಬ್ಬಳೇ ಕೂತು ಮಾತಾಡಬೇಕು ಅಂದಾಗ ಅಮ್ಮನಿಗೆ ಆಶ್ಚರ್ಯ. “ಅವಳಿಗೆ ಎಂತ ತೊಂದರೆ ಇಲ್ಲ ಟೀಚರ್.”

ಅವಳು ಬಂದಳು, ಕೂತಳು, ಐದು ನಿಮಿಷದಲ್ಲಿ ಅತ್ತಳು. ಪ್ಲಸ್ ವನ್ನಿನಲ್ಲಿ ಸೈನ್ಸ್ ತೆಗೆದುಕೊಂಡಿದ್ದಳು. ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಎಲ್ಲ ಇಂಗ್ಲಿಷು. ಮೊದಲ ಪರೀಕ್ಷೆಯಲ್ಲಿ ಫಿಸಿಕ್ಸಿಗೆ ಅರ್ಧದಷ್ಟೂ ಅಂಕ ಇಲ್ಲ. ಮನೆಯಲ್ಲಿ ಹೇಳಿರಲಿಲ್ಲ. “ಅವನಿಗೆ ಹುಷಾರಿಲ್ಲದಾಗ ನನ್ನದು ಬೇರೆ ಎಂತಕ್ಕೆ? ಮತ್ತೆ ನಾನು ಬಿದ್ದರೆ ಅವನಿಗೆ ತೋರಿಸಲಿಕ್ಕೆ ಯಾರಿದ್ದಾರೆ ಇವರಿಗೆ?” ಆರಡಿ ಫೋಟೋದ ಕೆಳಗೆ ಅವಳೂ ದಿನಾ ಬಸ್ಸು ಕಾಯುತ್ತಿದ್ದಳು. ಮುಖಕ್ಕೆ ಶಾಲು ಮುಚ್ಚಿಕೊಂಡು.

ಹೋಲಿಕೆಯ ಬಗ್ಗೆ ಬರೆಯುವವರು ಯಾವಾಗಲೂ ಸೋತ ಮಗುವಿನ ಕಡೆ ನೋಡುತ್ತಾರೆ. ಗೆದ್ದ ಮಗುವಿಗೆ ರಜೆಯೇ ಇಲ್ಲ ಎನ್ನುವುದು ನನಗೂ ಈ ಹುಡುಗಿಯನ್ನು ನೋಡುವವರೆಗೆ ಹೊಳೆದಿರಲಿಲ್ಲ.

ಮನೆಯಲ್ಲಿ ಏನು ಮಾಡಿದೆವು

ಮಾಣಿ ಗೀಳಿಗೆ ಒಂದು ಹೆಸರಿಟ್ಟ: ನುಸಿ. ನಮ್ಮ ಕಡೆ ಸೊಳ್ಳೆಗೆ ಹಾಗನ್ನುತ್ತಾರೆ. ಕಿವಿಯ ಹತ್ತಿರ ಗುಂಯ್ ಅನ್ನುತ್ತದೆ, ಹೊಡೆದಷ್ಟೂ ಇನ್ನೊಂದು ಬರುತ್ತದೆ. ಹೆಸರು ಬಂದದ್ದು ದೊಡ್ಡ ಉಪಕಾರವಾಯಿತು. “ಅಕ್ಕ ಹೀಗೆ, ನೀನು ಹಾಗೆ” ಎನ್ನುವ ಜಾಗದಲ್ಲಿ “ಇವತ್ತು ನುಸಿ ಜಾಸ್ತಿಯಾ?” ಬಂತು.

ರಾತ್ರಿಯ ಪ್ರಶ್ನೆಗೆ ಅಮ್ಮ ಉತ್ತರ ಕೊಡುತ್ತಿದ್ದದ್ದು ಪ್ರೀತಿಯಿಂದಲೇ. ಆದರೆ ಅದೂ ಗೀಳಿನ ಒಂದು ಭಾಗ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೋವಿಟ್ಜ್ ರೂಪಿಸಿದ ‘ಸ್ಪೇಸ್’ ಎನ್ನುವ ಕ್ರಮದಲ್ಲಿ ತಾಯಿತಂದೆ ಬದಲಾಯಿಸಬೇಕಾದದ್ದು ತಮ್ಮ ನಡವಳಿಕೆಯನ್ನು, ಮಗುವಿನದ್ದನ್ನಲ್ಲ. ಕಷ್ಟ ನಿಜ ಅಂತ ಒಪ್ಪುವುದು, ತಡೆದುಕೊಳ್ಳಬಲ್ಲೆ ಅಂತ ನಂಬಿಕೆ ತೋರಿಸುವುದು, ಎರಡೂ ಒಂದೇ ಉಸಿರಿನಲ್ಲಿ. ಅಮ್ಮ ಅದನ್ನು ತಮ್ಮ ಮಾತಿಗೆ ತಂದುಕೊಂಡರು. “ನಿನಗೆ ಹೆದರಿಕೆ ಆವ್ತಾ ಇದ್ದು, ಗೊಂತಿದ್ದು. ನಿನಗೆ ತಡಕ್ಕೊಂಬಲೆ ಎಡಿಗು, ಅದೂ ಗೊಂತಿದ್ದು.” ನಿನಗೆ ಹೆದರಿಕೆಯಾಗುತ್ತಿದೆ, ಗೊತ್ತು. ತಡೆದುಕೊಳ್ಳಲು ನಿನಗಾಗುತ್ತದೆ, ಅದೂ ಗೊತ್ತು. ಮೂವತ್ತು ಉತ್ತರದ ಬದಲು ಈ ಒಂದು ಮಾತು. ಮೊದಲ ವಾರ ಮಾಣಿ ಕಿರುಚಿದ, ತಲೆದಿಂಬು ಎಸೆದ. ಅಮ್ಮ ಹೊರಗಿನ ಜಗಲಿಯಲ್ಲಿ ಕೂತು ಅತ್ತರು. ಒಂದು ರಾತ್ರಿ ತಾಳಲಾರದೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದರು, ಸುಮ್ನೆ ಯಾರಾದರೂ ಮಾತಾಡಲಿ ಅಂತ.

ಹೋಲಿಕೆಗೆ ಬಂದರೆ, ಅಪ್ಪನಿಗೆ ಬಾಯಿ ಕಟ್ಟುವುದು ಕಷ್ಟವಾಯಿತು. ಹೊಗಳಿಕೆಯಲ್ಲೂ ಹೋಲಿಕೆ ನುಗ್ಗುತ್ತಿತ್ತು. “ಭೇಷ್, ಅಕ್ಕನಷ್ಟೇ ಬೇಗ ಬಂದೆ!” ಅಂದುಬಿಟ್ಟರು ಒಂದು ದಿನ, ಖುಷಿಯಲ್ಲಿ. ಮಾಣಿ ವಾಪಸು ಬಚ್ಚಲಿಗೆ ಹೋದ. ಕೊನೆಗೆ ಅವರು ಕಂಡುಕೊಂಡ ದಾರಿ ಸರಳ: ಕಂಡದ್ದನ್ನು ಮಾತ್ರ ಹೇಳುವುದು. “ಬಂದೆಯಾ? ದೋಸೆ ಬಿಸಿ ಉಂಟು.” ಕುಟುಂಬದ ವಾಟ್ಸಾಪ್ ಗುಂಪಿನ ಮಾತನ್ನು ಮನಸ್ಸಿನಲ್ಲೇ ಓದಲು ಕಲಿತರು. ನಡುವೆ ಒಂದು ಉಪನಯನ ಬಂತು. ಊಟದ ಪಂಕ್ತಿಯಲ್ಲಿ ನೆಂಟರು ಕೇಳುತ್ತಾರೆ ಅಂತ ಗೊತ್ತಿತ್ತು, ಉತ್ತರ ಮೊದಲೇ ಸಿದ್ಧ ಮಾಡಿದ್ದೆವು. “ಅವನಿಗೆ ಹುಷಾರಿಲ್ಲ, ಮದ್ದು ಮಾಡ್ತಾ ಇದ್ದೇವೆ. ಪಾಯಸ ಬಡಿಸಲಾ?” ಪಾಯಸದ ಸೌಟು ಕೈಯಲ್ಲಿದ್ದರೆ ಮುಂದಿನ ಪ್ರಶ್ನೆ ಬರುವುದಿಲ್ಲ. ಇದು ಅಮ್ಮನದೇ ಅನುಭವ, ನನ್ನದಲ್ಲ.

ಇಆರ್‌ಪಿಯ ಮೆಟ್ಟಿಲುಗಳನ್ನು ಥೆರಪಿಸ್ಟ್ ಮತ್ತು ಮಾಣಿ ಸೇರಿ ಬರೆದರು. ಅಕ್ಕನ ಪೆನ್ನು ಮುಟ್ಟಿ ಐದು ನಿಮಿಷ ಇರುವುದು. ಹತ್ತು ನಿಮಿಷ. ಅಕ್ಕನ ಪುಸ್ತಕ ಮಡಿಲಲ್ಲಿಟ್ಟು ಊಟ. ಆ ಕೆಟ್ಟ ಮಾತನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡು ಶಾಲೆಗೆ ಹೋಗುವುದು. ಕೊನೆಯ ಮೆಟ್ಟಿಲು ಅವನೇ ಹೇಳಿದ್ದು: ಫ್ಲೆಕ್ಸ್ ಮುಟ್ಟುವುದು.

ನನ್ನ ತಪ್ಪು

ಎರಡು ತಪ್ಪು ನನ್ನವು. ಬರೆಯದಿದ್ದರೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ.

ಧೈರ್ಯ ಬರಲಿ ಅಂತ ಮಾಣಿಗೆ ಒಂದು ದಿನ ಹೇಳಿದೆ, “ನಿನ್ನ ಹಾಗೇ ಒಬ್ಬ ಹುಡುಗ ಇದ್ದ, ನಾಲ್ಕು ತಿಂಗಳಲ್ಲಿ ಸರಿಯಾದ.” ಹೆಸರಿಲ್ಲ, ಊರಿಲ್ಲ, ನಿರಪಾಯ ಅಂದುಕೊಂಡಿದ್ದೆ. ಮುಂದಿನ ಸಲ ಬಂದಾಗ ಅವನ ಕ್ಯಾಲೆಂಡರಿನಲ್ಲಿ ನಾಲ್ಕು ತಿಂಗಳಿಗೆ ಸುತ್ತು ಹಾಕಿತ್ತು. ಅಷ್ಟರಲ್ಲಿ ಸರಿಯಾಗದಿದ್ದರೆ ಎನ್ನುವುದು ನುಸಿಗೆ ಹೊಸ ಊಟ. ಮನೆಯವರ ಹೋಲಿಕೆಯನ್ನೆಲ್ಲ ಬರೆಸಿಕೊಂಡ ನಾನೇ ಅವನಿಗೆ ಇನ್ನೊಬ್ಬ ಅಣ್ಣನನ್ನು ಹುಟ್ಟಿಸಿದ್ದೆ.

ಎರಡನೆಯದ್ದು ಅಡುಗೆಮನೆಯ ಗೋಡೆಯ ಚಾರ್ಟ್. ತೊಳೆಯದೆ ತಡೆದಾಗೆಲ್ಲ ಒಂದು ನಕ್ಷತ್ರ. ಪುಸ್ತಕಗಳಲ್ಲೂ ಇರುವ ಉಪಾಯ, ಎಷ್ಟೋ ಮಕ್ಕಳಿಗೆ ಕೆಲಸ ಮಾಡುತ್ತದೆ. ಈ ಮನೆಯಲ್ಲಿ ಅದು ಪ್ರೋಗ್ರೆಸ್ ಕಾರ್ಡಾಯಿತು. ಹಾಲು ಕೊಡಲು ಬಂದ ನೆರೆಯವರೂ ಎಣಿಸಿ ಹೋದರು. ಹತ್ತೇ ದಿನದಲ್ಲಿ ಕಿತ್ತು ಹಾಕಿಸಿದೆ. ಲೆಕ್ಕ ಆಮೇಲೆ ಮಾಣಿಯ ಚಿಕ್ಕ ಪುಸ್ತಕದಲ್ಲಿ, ಅವನೂ ಥೆರಪಿಸ್ಟೂ ಮಾತ್ರ ನೋಡುವ ಹಾಗೆ.

ಬೀಗ ಹಾಕಿದ ಕೋಣೆ

ಅಜ್ಜಿಯ ತಮ್ಮನ ವಿಷಯ ನಾನಾಗಿ ಎತ್ತಲಿಲ್ಲ. ಒಂದು ಮಧ್ಯಾಹ್ನ ಅಡಿಕೆ ಸುಲಿಯುತ್ತಾ ಅಜ್ಜಿಯೇ ಹೇಳಿದರು, ಮಾಣಿಯೂ ಪಕ್ಕದಲ್ಲಿದ್ದ. ತಮ್ಮ ಬೆಳಗಿನಿಂದ ಮಧ್ಯಾಹ್ನದವರೆಗೆ ತೋಡಿನಲ್ಲಿ ನಿಂತು ಮೀಯುತ್ತಿದ್ದನಂತೆ. ಚರ್ಮ ಬಿಳುಚಿ ಬಿರುಕು ಬಿಟ್ಟಿತ್ತು. ಮಂತ್ರದಲ್ಲಿ ಒಂದು ಅಕ್ಷರ ತಪ್ಪಿದೆ ಅನಿಸಿದರೆ ಮತ್ತೆ ಮೊದಲಿನಿಂದ. ಊರವರು ‘ಮರುಳ’ ಅಂದರು. ಮದುವೆಯಾಗಲಿಲ್ಲ. ಆ ಕೋಣೆಯಲ್ಲೇ ಇದ್ದ, ಆ ಕೋಣೆಯಲ್ಲೇ ಹೋದ.

“ಅವಕ್ಕೆ ಎಂತ ಮದ್ದು ಕೊಟ್ಟದು?” ಮಾಣಿ ಕೇಳಿದ.

“ಮದ್ದು ಉಂಟು ಅಂತಲೇ ಆಗ ಯಾರಿಗೂ ಗೊತ್ತಿರಲಿಲ್ಲ ಮಗ. ಅವ ಹೇಳಿದ್ದನ್ನು ಕೇಳಿದವರೂ ಇಲ್ಲ.”

ಒಸಿಡಿ ಕೆಲವು ಕುಟುಂಬಗಳಲ್ಲಿ ಹೆಚ್ಚು ಕಾಣಿಸುವುದು ನಿಜ. ಚಿಕ್ಕ ವಯಸ್ಸಿನಲ್ಲೇ ಶುರುವಾದರೆ ಇನ್ನೂ ಹೆಚ್ಚು. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ‘ಅವನ ಹಾಗೇ ಆಗ್ತೀ’ ಎನ್ನುವ ಪಿಸುಮಾತು ಮಾಣಿಗೆ ಶಾಪದ ಹಾಗಿತ್ತು. ಇಡೀ ಕಥೆ ಕೇಳಿದ ಮೇಲೆ ಅದು ಒಬ್ಬ ಅಜ್ಜನ ಕಥೆಯಾಯಿತು. ಆ ವಾರ ಅವನು ಬೀಗದ ಕೈ ಕೇಳಿ ಕೋಣೆ ನೋಡಿಕೊಂಡು ಬಂದ. ಒಳಗೆ ಹಳೆ ಅಡಿಕೆ ಗೋಣಿ, ಒಂದು ತಾಮ್ರದ ಚೊಂಬು, ಅಷ್ಟೇ ಇತ್ತಂತೆ.

ಮಾರ್ಚಿನವರೆಗೆ

ಜನವರಿಯ ಒಂದು ರಾತ್ರಿ ಕರೆಂಟು ಹೋಗಿತ್ತು. ಜಗಲಿಯಲ್ಲಿ ಅಕ್ಕ ತಮ್ಮ ಇಬ್ಬರೇ. ಮಾಣಿ ಕಿಸೆಯ ಚೀಟಿಯನ್ನು ಅವಳಿಗೆ ಕೊಟ್ಟ. ಯಾರೂ ಕೊಡು ಅಂದಿರಲಿಲ್ಲ, ಅದು ಮೆಟ್ಟಿಲಿನಲ್ಲೂ ಇರಲಿಲ್ಲ. ಅಕ್ಕ ಮೊಬೈಲಿನ ಬೆಳಕಿನಲ್ಲಿ ಓದಿದಳು. ಆಮೇಲೆ ಅಂದಳಂತೆ, “ಎನಗೂ ನಿನ್ನ ಬಗ್ಗೆ ಹಾಂಗೇ ಅನ್ಸಿದ್ದು. ತುಂಬ ಸರ್ತಿ.” ಇಬ್ಬರೂ ನಕ್ಕರಂತೆ. ಅವಳು ತನ್ನ ಫಿಸಿಕ್ಸ್ ಅಂಕವನ್ನು ಮೊದಲು ಹೇಳಿದ್ದು ಅವನಿಗೇ. ಒಂದು ವಾರ ಬಿಟ್ಟು ಅಪ್ಪನಿಗೆ.

ಅಪ್ಪ ಆ ದಿನ ತೋಟದಿಂದ ತಡವಾಗಿ ಬಂದರು. ಏನೂ ಹೇಳಲಿಲ್ಲ. ಮರುದಿನ ಫಿಸಿಕ್ಸ್ ಟ್ಯೂಷನ್ನಿಗೆ ಯಾರಿದ್ದಾರೆ ಅಂತ ನನ್ನನ್ನು ಕೇಳಿದರು.

ಯುಎಸ್‌ಎಸ್ ಪರೀಕ್ಷೆಗೆ ಮಾಣಿ ಕೂರಲಿಲ್ಲ. ಅದು ಸರಿಯೋ ತಪ್ಪೋ ಅಂತ ನಾವು ತುಂಬ ವಾದ ಮಾಡಿದೆವು. ತಪ್ಪಿಸಿಕೊಳ್ಳುವುದೂ ಗೀಳನ್ನು ಬೆಳೆಸುತ್ತದೆ ಎನ್ನುವುದು ಥೆರಪಿಸ್ಟಿನ ಆತಂಕ. ಬರೆದು ಉಜ್ಜುವುದು ಇನ್ನೂ ಇಳಿದಿಲ್ಲ, ಈ ವರ್ಷ ಬೇಡ ಅಂತ ಅಮ್ಮ. ನಾನು ಅಮ್ಮನ ಕಡೆ ನಿಂತೆ, ಈಗಲೂ ಪೂರ್ತಿ ಖಾತ್ರಿಯಿಲ್ಲ.

ಮಾರ್ಚಿನಲ್ಲಿ ಮತ್ತೆ ಅಳೆದಾಗ 15. ಸೌಮ್ಯ ಎನ್ನುವ ಮಟ್ಟದ ಮೇಲಂಚು. ಮಾತ್ರೆ ಇನ್ನೂ ಇದೆ, ಥೆರಪಿ ತಿಂಗಳಿಗೊಮ್ಮೆ. ಸ್ನಾನ ಇಪ್ಪತ್ತು ನಿಮಿಷ, ಕೆಲವು ದಿನ ನಲವತ್ತು. ಅಪ್ಪ ಅಜ್ಜಿಗೆ ಹೇಳಿದರು, “ಹದಿನೈದಕ್ಕೆ ಬಂತು.” ಅಂಕ ಕಡಿಮೆಯಾದದ್ದಕ್ಕೆ ಆ ಮನೆಯಲ್ಲಿ ಪಾಯಸ ಆದದ್ದು ಅದೇ ಮೊದಲು.

ಫ್ಲೆಕ್ಸಿನ ಬಣ್ಣ ಬಿಸಿಲಿಗೆ ಹೋಗಿತ್ತು. ಹೊಸ ಫಲಿತಾಂಶಕ್ಕೆ ಜಾಗ ಮಾಡಲು ಕ್ಲಬ್ಬಿನವರು ಅದನ್ನು ಇಳಿಸಿ ಮನೆಗೆ ತಂದುಕೊಟ್ಟರು. ಇಂಥದ್ದಕ್ಕೆ ನಮ್ಮಲ್ಲಿ ಒಂದೇ ಉಪಯೋಗ, ಸೌದೆ ರಾಶಿಗೆ ಹೊದಿಸುವುದು. ಮೇ ಕೊನೆಯಲ್ಲಿ ನಾನು ಹೋಗಿದ್ದ ದಿನ ಮಧ್ಯಾಹ್ನ ಮಳೆ ಹನಿಯಲು ಶುರುವಾಯಿತು. ಗಾಳಿಗೆ ಫ್ಲೆಕ್ಸಿನ ಒಂದು ಮೂಲೆ ಎದ್ದಿತ್ತು. ಮಾಣಿ ಓಡಿಹೋಗಿ ಎರಡೂ ಕೈಯಲ್ಲಿ ಹಿಡಿದು ಎಳೆದು ಮೇಲೆ ಒಂದು ಕಲ್ಲು ಹೇರಿದ. ಬಾವಿಕಟ್ಟೆಗೆ ಬಂದು ಕೆಸರು ತೊಳೆದ. ಜಗಲಿ ಹತ್ತಿದವನು ನಿಂತು, ವಾಪಸು ಇಳಿದು ಇನ್ನೊಂದು ಸಲ ತೊಳೆದ. ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರು, ಕಾಫಿ ಸೋಸುವುದನ್ನು ಮುಂದುವರಿಸಿದರು.